ಮೂರೂರಿಗೆ ಒಂದೇ ಬಿಲ್ಲೆ

ಅಕ್ಕಪಕ್ಕದ ದೇಶಗಳೆಲ್ಲ ಸೇರಿ ಒಂದೇ ನಾಣ್ಯ ಇಟ್ಟುಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಪತ್ರಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ತಲೆ ಎತ್ತುತ್ತದೆ. ತಜ್ಞರು ಎರಡು ದಿನ ಬರೆಯುತ್ತಾರೆ, ಮೂರನೆಯ ದಿನ ಅದೇ ಹಾಳೆಯಲ್ಲಿ ನಮ್ಮ ಮನೆಯವರು ರೊಟ್ಟಿ ಸುತ್ತಿ ಕೊಡುತ್ತಾರೆ. ನಾನು ಸುರಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳುವವನು. ದೇಶದೇಶಗಳ ನಾಣ್ಯದ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಆ ಪ್ರಶ್ನೆ ಒಂದು ಸಲ ನಮ್ಮ ಮನೆಯ ಪಡಸಾಲೆಗೇ ಬಂದು ಕೂತಿತು. ಬಂದದ್ದು ಊಟದ ಬಿಲ್ಲೆಯಾಗಿ.

ನನ್ನ ಹೆಂಡತಿ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಖಾನಾವಳಿ ನಡೆಸುತ್ತಾಳೆ. ಕೋರ್ಟು ಕಚೇರಿ ಎಂದು ಅಲೆಯುವವರು, ಬೇರೆ ಊರಿನಿಂದ ಬಂದು ಇಲ್ಲಿ ನೌಕರಿ ಮಾಡುವವರು ಉಣ್ಣಲು ಬರುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಶೇಂಗಾ ಹಿಂಡಿ, ಕೊನೆಗೆ ಅನ್ನ ಸಾರು. ಖಾನಾವಳಿ ಆಕೆಯದು, ಅಲ್ಲಿ ನಾನು ಬರೀ ಗಂಡ. ಸಂಜೆ ಗಲ್ಲಾಕ್ಕೆ ಕೂಡು ಎಂದರೆ ಕೂಡುತ್ತೇನೆ, ಏಳು ಎಂದರೆ ಏಳುತ್ತೇನೆ.

ತಿಂಗಳ ಊಟದವರಿಗೆ ಆಕೆ ಬಿಲ್ಲೆ ಕೊಡುತ್ತಿದ್ದಳು. ಎಣ್ಣೆ ಡಬ್ಬದ ತಗಡನ್ನು ದುಂಡಗೆ ಕತ್ತರಿಸಿ, ನಡುವೆ ಮೊಳೆಯಿಂದ ಚುಕ್ಕಿ ಹೊಡೆಸಿದ ಬಿಲ್ಲೆ. ಒಂದು ಬಿಲ್ಲೆಗೆ ಒಂದು ಊಟ. ಪಗಾರವಾದ ದಿನ ದುಡ್ಡು ಕೊಟ್ಟು ಒಂದು ಹಿಡಿ ಬಿಲ್ಲೆ ಒಯ್ದರೆ ಆ ತಿಂಗಳ ಹೊಟ್ಟೆಯ ಚಿಂತೆ ಮುಗಿಯಿತು. ಉಣ್ಣಲು ಕೂತವರು ತಾಟಿನ ಬಲಕ್ಕೆ ಒಂದು ಬಿಲ್ಲೆ ಇಡಬೇಕು. ಬಡಿಸುವ ಹೆಂಗಸು ಅನ್ನ ಹಾಕಲು ಬಂದಾಗ ಸಾಲಾಗಿ ಅವನ್ನು ಎತ್ತಿಕೊಂಡು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.

ಎಲ್ಲರೂ ಫೋನಿನಲ್ಲೇ ದುಡ್ಡು ಹಾಕುವ ಈ ಕಾಲದಲ್ಲಿ ತಗಡಿನ ತುಂಡು ಯಾಕೆ ಎಂದು ಕೇಳುವವರಿದ್ದರು. ಹಾದಿಹೋಕ ಗಿರಾಕಿಗಳಿಗಾಗಿ ಗಲ್ಲಾದ ಮೇಲೆ ಆ ಡಬ್ಬಿಯನ್ನೂ ಇಟ್ಟಿದ್ದೆವು, ಇಷ್ಟು ರೂಪಾಯಿ ಬಂತು ಎಂದು ಓಣಿಗೆಲ್ಲ ಕೇಳುವಂತೆ ಒದರುತ್ತದಲ್ಲ, ಅದನ್ನು. ಊಟದ ಕೋಣೆಯೊಳಕ್ಕೆ ಅದನ್ನು ತರಲು ಮಾತ್ರ ಆಕೆ ಒಪ್ಪಲಿಲ್ಲ.

"ಉಣ್ಣೋ ಮಂದಿ ನಡುವ ಯಾರು ಕೊಟ್ಟಾರ, ಯಾರು ಕೊಟ್ಟಿಲ್ಲ ಅಂತ ಒದರಬಾರದ್ರಿ," ಎಂದಳು.

ಆ ಮಾತಿನಲ್ಲಿ ಇಡೀ ವ್ಯವಹಾರವೇ ಇತ್ತು. ತಾಟಿನ ಪಕ್ಕ ಕೂತ ಬಿಲ್ಲೆಗಳಲ್ಲಿ ಕೆಲವಕ್ಕೆ ದುಡ್ಡು ಬಂದಿರುತ್ತಿತ್ತು, ಕೆಲವಕ್ಕೆ ಇನ್ನೂ ಬಂದಿರುತ್ತಿರಲಿಲ್ಲ. ಪಗಾರ ತಡವಾದವರಿಗೆ ಆಕೆ ಮೊದಲೇ ಬಿಲ್ಲೆ ಕೊಟ್ಟುಬಿಡುತ್ತಿದ್ದಳು. ಬಿಲ್ಲೆ ನೋಡಿದರೆ ಯಾವುದು ಯಾವ ಥರದ್ದು ಎಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಕೂತವರೆಲ್ಲ ಸಮ.

ಹಾಗೆ ಬಿಲ್ಲೆ ಒಯ್ಯುತ್ತಿದ್ದವರಲ್ಲಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಒಬ್ಬರು ಮುಖ್ಯರು. ವಯಸ್ಸು ನಲವತ್ತರ ಹತ್ತಿರ. ವಡಗೇರಾದ ಆಚೆಯ ಹಳ್ಳಿಯಲ್ಲಿ ತಾಯಿ, ಹೆಂಡತಿ, ಮಗು. ಇಲ್ಲಿ ಒಂದು ಬಾಡಿಗೆ ಕೋಣೆ. ಅವರು ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ, ಪಗಾರದ ಮಾತು ಬಂದರೆ ಕೇಳಬೇಡಿ. ಬಂದರೆ ನಾಲ್ಕಾರು ತಿಂಗಳದ್ದು ಒಟ್ಟಿಗೆ ಬರುತ್ತದೆ, ಅಲ್ಲಿಯ ತನಕ ಹೊಟ್ಟೆ ಕಾಯಬೇಕು. ದುಡ್ಡು ಕೈಗೆ ಬಂದ ಸಂಜೆಯೇ ಅವರು ಗಲ್ಲಾದ ಹತ್ತಿರ ಬಂದು ಬಾಕಿ ಮುಗಿಸಿಬಿಡುತ್ತಿದ್ದರು. ನನ್ನ ಹೆಂಡತಿಯೂ ಹೂಂ ಎಂದು ತೆಗೆದುಕೊಳ್ಳುತ್ತಿದ್ದಳು. ಅವರಿಬ್ಬರ ನಡುವೆ ಇದು ಎಂದೂ ಉಪಕಾರದ ಮಾತಾಗಿರಲಿಲ್ಲ.

ಅವರ ಕಾಲೇಜಿನ ಕಾಯಂ ಉಪನ್ಯಾಸಕರೂ ಅದೇ ಸಾಲಿನಲ್ಲಿ ಉಣ್ಣುತ್ತಿದ್ದರು. ಅವರಿಗೆ ಇವರ ನಾಲ್ಕು ಪಾಲು ಪಗಾರ. ಆದರೆ ಊಟದ ಸಾಲಿನಲ್ಲಿ ಮಾತಿನ ಯಜಮಾನರು ಇವರೇ. ಬಿಲ್ಲೆಯನ್ನು ಟಣ್ ಎಂದು ಇಟ್ಟು, ರೊಟ್ಟಿ ಮುರಿದು, ದೇಶದ ಆರ್ಥಿಕ ಸ್ಥಿತಿಗೆ ಕೈ ಹಾಕುತ್ತಿದ್ದರು. ಎದುರಿಗಿದ್ದವರು ಎರಡು ಸಲ ಅನ್ನ ಹಾಕಿಸಿಕೊಂಡು ಕೇಳುತ್ತಿದ್ದರು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಇವರ ಹೆಸರು ಕೊನೆಗೆ, ನಮ್ಮ ಪಡಸಾಲೆಯಲ್ಲಿ ಮೊದಲಿಗೆ. ಅದನ್ನು ಕಳೆದುಕೊಂಡರೆ ಇವರಿಗೆ ಈ ಊರಿನಲ್ಲಿ ಉಳಿಯುವುದು ಹೆಚ್ಚೇನೂ ಇರಲಿಲ್ಲ.

ಒಂದೇ ಬಿಲ್ಲೆಯ ಮಾತು ಎತ್ತಿದವರು ಯಾದಗಿರಿಯ ಚಾಚಾ. ಸ್ಟೇಷನ್ ಹತ್ತಿರ ಅವರದೊಂದು ಮೆಸ್ಸಿದೆ. ಶಹಾಪುರದಲ್ಲಿ ನನ್ನ ಹೆಂಡತಿಯ ಅಕ್ಕನೂ ಖಾನಾವಳಿ ಇಟ್ಟಿದ್ದಾಳೆ. ಔಷಧಿ ಕಂಪನಿಯವರು, ಬೀಜ ಗೊಬ್ಬರ ಮಾರುವವರು, ವಿಮೆಯವರು, ಕೇಸಿನ ಜನ, ಇವರೆಲ್ಲ ಇವತ್ತು ಯಾದಗಿರಿ, ನಾಳೆ ಶಹಾಪುರ, ನಾಡಿದ್ದು ಸುರಪುರ ಎಂದು ತಿರುಗುತ್ತಾರೆ. ಜೇಬಿನಲ್ಲಿ ಮೂರು ಥರದ ಬಿಲ್ಲೆ. ಒಂದೂರಿನದು ಇನ್ನೊಂದೂರಿನಲ್ಲಿ ನಡೆಯುವುದಿಲ್ಲ. ಮೂವರೂ ಸೇರಿ ಒಂದೇ ಬಿಲ್ಲೆ ಮಾಡಿಸಿದರೆ ಎಲ್ಲಿ ಕೊಂಡರೂ ಎಲ್ಲಿಯಾದರೂ ಉಣ್ಣಬಹುದು, ಗಿರಾಕಿ ಕೈ ಬಿಟ್ಟು ಹೋಗುವುದಿಲ್ಲ ಎಂಬುದು ಚಾಚಾನ ಲೆಕ್ಕ.

ಸರಿಯಾಗಿ ಅದೇ ವಾರ ಪತ್ರಿಕೆಯಲ್ಲಿ ದೇಶಗಳ ಒಂದೇ ನಾಣ್ಯದ ಲೇಖನವೂ ಬಂದಿತ್ತು. ಊಟದ ಸಾಲಿಗೆ ಅಷ್ಟು ಸಾಕಾಯಿತು. ಅರ್ಥಶಾಸ್ತ್ರದ ಸರ್ ಕೂಡಲೇ ಪರ ನಿಂತರು. ನಾನು ವಿರುದ್ಧ ನಿಂತೆ. ನನಗೆ ಯಾವುದೇ ಹೊಸ ಮಾತಿಗೆ ಮೊದಲು ಬೇಡ ಎನ್ನುವ ಚಟವಿದೆ, ಕಾರಣ ಆಮೇಲೆ ಹುಡುಕಿಕೊಳ್ಳುತ್ತೇನೆ.

"ನಮ್ಮದ ಒಂದು ನಾಣ್ಯ ಇತ್ತಲ್ರಿ ಸರ್ರ," ಎಂದೆ. "ನಿಜಾಮರ ಹಾಲಿ ಸಿಕ್ಕಾ. ನಮ್ಮಪ್ಪ ಸಣ್ಣಾವಿದ್ದಾಗ ಕೈಯಾಗ ಹಿಡದಾನ. ಅದು ಹೋತು. ಹೋಗಿ ನಮಗೇನ್ ಬಂತು?"

ಅವರು ನಕ್ಕರು. "ನಿಮ್ಮ ಅಪ್ಪಾರು ತಾಳಿಕೋಟಿ ಸಂತಿಗಿ ಹೋಗ್ಬೇಕಾದ್ರ ಏನ್ ಮಾಡ್ತಿದ್ರು, ಅದನ್ನ ಹೇಳ್ರಿ."

ಅದು ನನಗೂ ಗೊತ್ತಿತ್ತು. ಗಡಿ ದಾಟಿದರೆ ಇಂಗ್ಲಿಷರ ಸೀಮೆ, ಅಲ್ಲಿ ನಡೆಯುತ್ತಿದ್ದದ್ದು ಕಲ್ದಾರ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ, ಅದರ ಮೇಲೆ ಸರಾಫ ಮುರಿದುಕೊಳ್ಳುವ ವಟ್ಟ. ಒಂದು ಜೊತೆ ಎತ್ತು ತರಲು ಹೋದ ನಮ್ಮಜ್ಜ ನಾಣ್ಯ ಬದಲಿಸುವುದರಲ್ಲೇ ಎತ್ತಿನ ಒಂದು ಕಾಲು ಕಳೆದುಕೊಂಡೆ ಎಂದು ಬೈಯುತ್ತಿದ್ದನಂತೆ. ಹಾಲಿ ಹೋದಾಗ ನಮ್ಮ ಮನೆಯಲ್ಲಿ ಯಾರೂ ಅತ್ತಿರಲಿಲ್ಲ. ಸರ್ ನನ್ನ ಉದಾಹರಣೆಯಿಂದ ನನ್ನನ್ನೇ ಹೊಡೆದುಹಾಕಿದ್ದರು. ಸಾಲಿನವರೆಲ್ಲ ನಕ್ಕರು, ನಾನು ಮಜ್ಜಿಗೆ ತರುವ ನೆವದಲ್ಲಿ ಎದ್ದೆ.

ಮಾತುಕತೆ ಶಹಾಪುರದಲ್ಲಿ, ಅಕ್ಕನ ಮನೆಯಲ್ಲಿ ನಡೆಯಿತು. ಹೆಂಡತಿ ನನ್ನನ್ನೂ ಕರೆದುಕೊಂಡು ಹೋಗಿದ್ದಳು, ಚೀಲ ಹಿಡಿಯಲು ಯಾರಾದರೂ ಬೇಕಿತ್ತು. ಚಾಚಾ ಚಹಾ ಬಸಿಯಲ್ಲಿ ಹೊಯ್ದುಕೊಂಡು ಒಂದೇ ಒಂದು ನಿಯಮ ಹೇಳಿದರು.

"ಬಿಲ್ಲಿ ಮಾಡಿಸೋದು ಒಂದ ಕಡಿ. ರೊಕ್ಕ ಪೈಲೇ, ಬಿಲ್ಲಿ ಬಾದ್ ಮೇ. ನೋಡು ಬೇಟಿ, ನೀ ರೊಕ್ಕ ತಗೊಳ್ಳಾರದ ಕೊಟ್ಟ ಬಿಲ್ಲಿ ನಾಳೆ ನನ್ನ ಮೆಸ್ಸಿಗಿ ಬರ್ತದ. ಉಂಡು ಹೋಗ್ತಾರ. ನಾ ಯಾರನ್ನ ಕೇಳ್ಲಿ?"

ಮಾತು ನ್ಯಾಯದ್ದೇ. ಅಕ್ಕ ತಲೆಯಾಡಿಸಿದಳು. ನನ್ನ ಹೆಂಡತಿ ಒಂದು ವಾರ ಟೈಮು ಕೇಳಿದಳು. ವಾಪಸು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಳು. ಇಳಿಯುವಾಗ, "ಸರ್ರಿಗಿ ಹೆಂಗ ಮಾಡೂದು?" ಎಂದಳು. ಆ ಒಂದು ವಾರ ಆಕೆ ಕೇಳಿದ್ದು ಅವರೊಬ್ಬರ ಸಲುವಾಗಿ ಎಂದು ಆಗ ನನಗೆ ತಿಳಿಯಿತು.

ನೇರವಾಗಿ ಅವರನ್ನೇ ಕೇಳಿಬಿಟ್ಟಳು. ಸಂಜೆ ಊಟ ಮುಗಿಸಿ ಗಲ್ಲಾದ ಹತ್ತಿರ ಬಡೇಸೋಪು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಈಕೆ ನಿಯಮ ಹೇಳಿ, ಇನ್ನು ಮುಂದೆ ತನ್ನ ಕೈಯಿಂದ ಮೊದಲೇ ಬಿಲ್ಲೆ ಕೊಡಲು ಬರುವುದಿಲ್ಲ, ಏನು ಮಾಡಲಿ ಎಂದಳು. ಅವರು ತರಗತಿಯಲ್ಲಿ ನಿಂತವರ ಹಾಗೆ ನೆಟ್ಟಗಾದರು.

"ಅಕ್ಕಾರ, ಯಾವ ದೇಶ ಇಂಥಾ ಒಕ್ಕೂಟ ಸೇರಿದ್ರೂ ಒಂದು ಕಳಕೊಳ್ತದ್ರಿ. ಕೆಟ್ಟ ದಿನ ಬಂದಾಗ ತನ್ನ ನಾಣ್ಯ ತಾನ ಹೊಡಕೊಂಡು ಜನರಿಗಿ ಕೊಡೋ ಅಧಿಕಾರ. ಅಷ್ಟ ಲುಕ್ಸಾನ. ಉಳದದ್ದೆಲ್ಲಾ ಫಾಯ್ದಾ. ನನ್ನ ಸಲುವಾಗಿ ಬಿಡಬ್ಯಾಡ್ರಿ. ಪಗಾರ ಈ ಸಲ ತಿಂಗಳಾ ತಿಂಗಳಾ ಮಾಡ್ತಾರಂತ."

ಪಗಾರ ತಿಂಗಳಾ ತಿಂಗಳಾ ಆಗುತ್ತದೆ ಎಂಬ ಸುದ್ದಿ ನಾನು ನೌಕರಿಗೆ ಸೇರಿದಾಗಿನಿಂದ ಕೇಳುತ್ತಿದ್ದೇನೆ. ಆದರೆ ಅವರು ಅದನ್ನು ನಂಬಿ ಹೇಳಿದರು. ತಮ್ಮ ಹೊಟ್ಟೆಗೇ ತಾಗುವ ವಿಷಯದಲ್ಲೂ ತಮ್ಮ ಪಾಠಕ್ಕೆ ತಪ್ಪಿ ಮಾತಾಡಲಿಲ್ಲ ಎಂದು ನನಗೆ ಅವರ ಮೇಲೆ ಅಭಿಮಾನವೇ ಬಂತು. ಹೆಂಡತಿ ಮರುದಿನ ಚಾಚಾನಿಗೆ ಹೂಂ ಎಂದು ಫೋನು ಮಾಡಿದಳು.

ಹೊಸ ಬಿಲ್ಲೆ ಹಳದಿ ಪ್ಲಾಸ್ಟಿಕ್ಕಿನದು, ಅಂಚಿಗೆ ಮೂರೂರಿನ ಹೆಸರು. ಬಿಲ್ಲೆ ಮಾರಿದ ದುಡ್ಡು ಒಕ್ಕೂಟದ ಒಂದೇ ಗಂಟಿಗೆ ಹೋಗಿ, ಯಾರ ಚೀಲಕ್ಕೆ ಎಷ್ಟು ಬಿಲ್ಲೆ ಬಿತ್ತೋ ಅಷ್ಟರಂತೆ ಮೂವರಿಗೂ ಹಂಚಿಕೆ. ಚಾಚಾನ ಲೆಕ್ಕ ತಪ್ಪಲಿಲ್ಲ ಎಂದು ಇಲ್ಲಿ ಹೇಳಲೇಬೇಕು. ಯಾದಗಿರಿಯಲ್ಲಿ ಬಿಲ್ಲೆ ಕೊಂಡವರು ನಮ್ಮಲ್ಲಿಗೆ ಹುಡುಕಿಕೊಂಡು ಬಂದರು. ಪುಂಡಿಪಲ್ಯಕ್ಕಾಗಿಯೇ ಸುರಪುರದ ಕೆಲಸ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವವರು ಹುಟ್ಟಿಕೊಂಡರು. ರೊಟ್ಟಿ ಬಡಿಯಲು ಒಬ್ಬಳಿದ್ದಲ್ಲಿ ಮೂವರಾದರು. ಹೊಸ ಫ್ರಿಜ್ಜು ಬಂತು. ಹೆಂಡತಿಯ ನಡಿಗೆಯಲ್ಲೇ ಒಂದು ಜೋರು ಬಂತು, ನನ್ನ ಮೇಲೆ ಒದರುವುದೂ ಹೆಚ್ಚಾಯಿತು. ವ್ಯಾಪಾರ ಚೆನ್ನಾಗಿದೆ ಎಂದು ಅದರಿಂದಲೇ ಗೊತ್ತಾಗುತ್ತಿತ್ತು. ನಾನು ವಿರೋಧಿಸಿದ್ದನ್ನು ಮರೆತೆ, ಅದನ್ನು ನೆನಪಿಸುವವರೂ ಯಾರೂ ಇರಲಿಲ್ಲ.

ಸರ್ ಕೂಡ ಮೊದಮೊದಲು ಕೈಯಲ್ಲಿದ್ದದ್ದು ಕೊಟ್ಟು ಹಳದಿ ಬಿಲ್ಲೆ ಕೊಂಡರು. ಮಕ್ಕಳಿಗೆ ಪಾಠದಲ್ಲಿ ನಮ್ಮ ಖಾನಾವಳಿಯ ಉದಾಹರಣೆಯನ್ನೇ ಕೊಟ್ಟೆ ಎಂದು ಒಂದು ದಿನ ಖುಷಿಯಿಂದ ಹೇಳಿದರು. ಮಳೆಗಾಲ ಬಂತು. ಪಗಾರ ಬರಲಿಲ್ಲ. ಅವರು ಕೊಳ್ಳುವ ಬಿಲ್ಲೆ ಕಡಿಮೆಯಾಗುತ್ತ ಬಂತು, ಎರಡು ಹೊತ್ತಿನ ಊಟ ಒಂದು ಹೊತ್ತಾಯಿತು. ಕೊನೆಗೆ ಮೂರು ದಿನ ಬರಲೇ ಇಲ್ಲ.

ನಾಲ್ಕನೆಯ ದಿನ ಬಾಗಿಲ ಮುಂದೆ ಹೋಗುತ್ತಿದ್ದವರನ್ನು ನನ್ನ ಹೆಂಡತಿ ಅಂಗಳದಲ್ಲಿ ನಿಂತು ಕರೆದಳು. "ಏನ್ರಿ ಸರ್ರ, ಬಿಲ್ಲಿ ಇಲ್ಲಂದ್ರ ಉಣಬಾರದಂತ ಯಾರು ಹೇಳ್ಯಾರ? ನನ್ನ ಮನಿ ಇದು. ಬರ್ರಿ, ಹಂಗ ಕೂಡ್ರಿ." ಬಡಿಸುವವಳಿಗೆ ಅವರ ಹತ್ತಿರ ಬಿಲ್ಲೆ ಎತ್ತಬೇಡ ಎಂದು ಮೆಲ್ಲಗೆ ಹೇಳಿಟ್ಟಳು. ಯೋಚಿಸಿ ಮಾಡಿದ್ದೇ. ಆದರೆ ಬಿಲ್ಲೆ ಎತ್ತುವುದು ಸಾಲಾಗಿ, ಎಲ್ಲರ ಕಣ್ಣೆದುರಿಗೆ.

ಬಡಿಸುವವಳು ಅವರ ತಾಟು ಬಿಟ್ಟು ಮುಂದಿನ ತಾಟಿಗೆ ಕೈ ಹಾಕಿದಳು. ಪಕ್ಕದಲ್ಲಿ ಕೂತಿದ್ದವರು ಅವರದೇ ಕಾಲೇಜಿನವರು, ಒಳ್ಳೆಯ ಮನುಷ್ಯ. ನನ್ನ ಹೆಂಡತಿಗೆ ಲುಕ್ಸಾನಾಗಬಾರದು ಎಂದೇ ಕೂಗಿ ಹೇಳಿದರು.

"ಏ ತಂಗಿ, ಸರ್ರ ಬಿಲ್ಲಿ ಬಿಟ್ಟಿ ನೋಡು."

ಬಡಿಸುವವಳು ಒಲೆಯ ಕಡೆ ನೋಡಿದಳು. ನನ್ನ ಹೆಂಡತಿ ಸೌಟು ಹಿಡಿದು ನಿಂತೇ ಇದ್ದಳು. ಸಾಲಿನವರೆಲ್ಲ ಆ ತಾಟಿನ ಬಲಗಡೆ ನೋಡಿದರು, ಅಲ್ಲಿ ಏನೂ ಇರಲಿಲ್ಲ. ಸರ್ ಎಡಗೈಯಿಂದ ಅಂಗಿ ಜೇಬು ಮುಟ್ಟಿ ನೋಡಿಕೊಂಡು, "ರೂಮಿನಾಗ ಬಿಟ್ಟು ಬಂದೀನಿ," ಎಂದರು. ಅನ್ನ ಬೇಡವೆಂದು ಕೈ ತೊಳೆದು ಹೋದರು. ದೇಶದ ಆರ್ಥಿಕ ಸ್ಥಿತಿಯ ಬಗ್ಗೆ ಆ ದಿನ ಯಾರೂ ಮಾತಾಡಲಿಲ್ಲ.

ಹೆಂಡತಿ ಸೋಲುವವಳಲ್ಲ. ತನ್ನ ಸ್ವಂತ ದುಡ್ಡನ್ನು ಒಕ್ಕೂಟಕ್ಕೆ ಕಟ್ಟಿ, ಒಂದು ಹಿಡಿ ಹಳದಿ ಬಿಲ್ಲೆ ಕಾಗದದಲ್ಲಿ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಅವರ ಕೋಣೆಗೆ ಹೋದಳು. ಅವರು ಚಾಪೆ ಹಾಸಿ ಕೂಡಿಸಿದರು. ಬಿಲ್ಲೆಯ ಪೊಟ್ಟಣ ನೋಡಿ ಅದನ್ನು ನನ್ನ ಹೆಂಡತಿಯ ಕಡೆಗೇ ಸರಿಸಿದರು.

"ತಗೋರಿ ಸರ್ರ. ಪಗಾರ ಆದ ಮ್ಯಾಲ ಕೊಡ್ರಿ. ಮದ್ಲೂ ಹಂಗ ಮಾಡ್ತಿದ್ವಲ್ಲ?"

"ಮದ್ಲಿನ ಮಾತ ಬ್ಯಾರೆ ಐತಿ ಅಕ್ಕಾರ," ಎಂದರು. "ಅವು ನಿಮ್ಮ ಬಿಲ್ಲಿ. ಅದನ್ನ ಕೊಟ್ರ ನೀವು ನನ್ನ ಮ್ಯಾಲ ಭರೋಸಾ ಇಟ್ಟಂಗ. ಇವು ಕೊಂಡು ತಂದದ್ದು. ನಿಮ್ಮ ರೊಕ್ಕ ನಾ ಹೆಂಗ ತಿನ್ಲಿ?"

"ಎರಡೂ ಒಂದ ಅಲ್ಲೇನ್ರಿ?"

"ಅಲ್ರಿ," ಎಂದರು. ಆಮೇಲೆ ನಮಗಾಗಿ ಪಕ್ಕದ ಹೋಟೆಲಿನಿಂದ ಚಹಾ ತರಿಸಿದರು. ಸ್ಟೋವು ಕೊಂಡಿದ್ದೇನೆ, ಇನ್ನು ರೂಮಿನಲ್ಲೇ ಅಡಿಗೆ ಮಾಡಿಕೊಳ್ಳುತ್ತೇನೆ, ಅದೇ ಸೋವಿ ಎಂದರು. ಸ್ಟೋವು ಕಣ್ಣಿಗೆ ಬೀಳಲಿಲ್ಲ. ಹುಡುಕಿ ನೋಡುವುದು ಸರಿಯಲ್ಲ ಎಂದು ನಾವೂ ಆಚೀಚೆ ನೋಡಲಿಲ್ಲ.

ಒಕ್ಕೂಟದಿಂದ ಹೊರಗೆ ಬಂದರೆ ಹೇಗೆ ಎಂದು ಹೆಂಡತಿ ಫೋನಿನಲ್ಲಿ ಚಾಚಾನನ್ನು ಕೇಳಿದಳು. ಚಾಚಾ ಸಿಟ್ಟಾಗಲಿಲ್ಲ. "ನಿನ್ನ ಖುಷಿ ಬೇಟಿ. ಆದ್ರ ತಿರುಗಾಡೋ ಗಿರಾಕಿ ಎಲ್ಲಾ ಹೋಗ್ತಾರ. ರೊಟ್ಟಿ ಮಾಡೋರು ಮೂರು ಮಂದಿ ಇಟ್ಟೀಯಲ್ಲ, ಯಾರಿಗಿ ಬ್ಯಾಡ ಅಂತೀ?" ಹಿತ್ತಲಲ್ಲಿ ಆ ಮೂವರೂ ರೊಟ್ಟಿ ಬಡಿಯುತ್ತಿದ್ದರು. ಒಬ್ಬಳು ಗಂಡ ಸತ್ತವಳು, ಇನ್ನೊಬ್ಬಳ ಮಗಳು ನರ್ಸಿಂಗಿಗೆ ಸೇರಿದ್ದಳು. ಮೂರನೆಯವಳು ಬಂದು ಇನ್ನೂ ತಿಂಗಳಾಗಿರಲಿಲ್ಲ. ಹೆಂಡತಿ ಫೋನಿಟ್ಟು ಒಳಗೆ ಹೋದಳು, ಆ ಮಾತು ಮತ್ತೆ ಎತ್ತಲಿಲ್ಲ. ಸೇರುವಾಗ ಒಂದು ವಾರ ಯೋಚಿಸಿದ್ದಳು, ಬಿಡುವ ಯೋಚನೆ ಬಂದಾಗ ಅಷ್ಟೂ ಹೊತ್ತು ಸಿಗಲಿಲ್ಲ.

ಒಂದೇ ನಾಣ್ಯ ಬೇಕೇ ಬೇಡವೇ ಎಂದು ಈಗ ಯಾರಾದರೂ ಚರ್ಚೆ ತೆಗೆದರೆ ನಾನು ಎರಡೂ ಕಡೆ ಸೇರುವುದಿಲ್ಲ. ಫಾಯ್ದಾ ಸುಳ್ಳಲ್ಲ, ಅದನ್ನು ನಮ್ಮ ಮನೆಯಲ್ಲೇ ಉಂಡಿದ್ದೇವೆ. ಲುಕ್ಸಾನೂ ಸರ್ ಹೇಳಿದಷ್ಟೇ, ಒಂದು ಚೂರೂ ಹೆಚ್ಚಿಲ್ಲ. ಆದರೆ ಅದನ್ನು ಯಾರ ತಾಟಿನಿಂದ ತೆಗೆಯುತ್ತಾರೆ ಎಂದು ಲೇಖನ ಬರೆಯುವವರು ಹೇಳುವುದಿಲ್ಲ. ನನಗೆ ಇದರ ಮೇಲೆ ಸಿಟ್ಟಿದೆ, ಯಾರ ಮೇಲೆ ತೀರಿಸಿಕೊಳ್ಳಬೇಕೋ ಗೊತ್ತಿಲ್ಲ.

ಅದಾಗಿ ಕೆಲವು ದಿನಕ್ಕೆ ತರಬೇತಿ ಎಂದು ನನ್ನನ್ನು ಶಹಾಪುರಕ್ಕೆ ಹಾಕಿದ್ದರು. ನನ್ನದು ಮಧ್ಯಾಹ್ನದ ಪಾಳಿ. ಬಸ್‌ಸ್ಟ್ಯಾಂಡಿಗೆ ಹೋದರೆ ಕಲ್ಲುಬೆಂಚಿನ ಮೇಲೆ ಸರ್ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಪುಸ್ತಕ. ಬಸ್ಸುಗಳು ಬಂದು ಹೋಗುತ್ತಿದ್ದವು, ಅವರು ಒಂದರ ಬೋರ್ಡನ್ನೂ ಓದುತ್ತಿರಲಿಲ್ಲ. ಕಾಲೇಜಿನಲ್ಲಿ ಅದು ಊಟದ ಬಿಡುವಿನ ಹೊತ್ತು. ನನ್ನನ್ನು ನೋಡಿ ಎದ್ದು ನಿಂತರು.

"ಎಲ್ಲಿಗಿ ಹೊಂಟೀರಿ ಸರ್ರ? ವಡಗೇರಾ ಬಸ್ಸೇನು?" ಎಂದೆ.

"ಇಲ್ರಿ ಮಾಸ್ತರ್ರ, ಊಟಕ್ಕ ಹೊಂಟೀನಿ. ನಿಮ್ಮ ಮನಿಗೇ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೇಗ ಹೋಗಿ, ಇವತ್ತು ಬದನೆಕಾಯಿ ಎಣಗಾಯಿ ಇದೆ, ತಡವಾದರೆ ಮುಗಿಯುತ್ತದೆ ಎಂದೆ. ಅವರು ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ನಮ್ಮ ಮನೆಯ ದಿಕ್ಕಿಗೆ ನಡೆದರು. ನನ್ನ ಬಸ್ಸು ಹೊರಟಿತು.

ಸಂಜೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಹೆಂಡತಿಯನ್ನು ಕೇಳಿದೆ. "ಮಧ್ಯಾಹ್ನ ಸರ್ ಉಂಡು ಹೋದ್ರಲ್ಲ? ಏನಂದ್ರು?"

ಆಕೆ ಅನ್ನದ ಪಾತ್ರೆ ಇಳಿಸುತ್ತಿದ್ದಳು. "ಯಾರು?"

"ಬಸ್‌ಸ್ಟ್ಯಾಂಡಿನಾಗ ಸಿಕ್ಕಿದ್ರು. ನಿಮ್ಮ ಮನಿಗೇ ಉಣ್ಣಾಕ ಹೊಂಟೀನಂದ್ರು."

"ಇಲ್ರಿ," ಎಂದಳು. "ಅವ್ರು ಈ ಕಡಿ ಬಂದೇ ಇಲ್ಲ." ಪಾತ್ರೆಯನ್ನು ನೆಲಕ್ಕಿಟ್ಟು ಅಲ್ಲೇ ಕೂತಳು. "ಹಂಗಂದ್ರಾ? ನಮ್ಮ ಮನಿಗೇ ಅಂತ?" ಎಂದು ಕೇಳಿದಳು.

"ಹಂಗ ಅಂದ್ರು."

ಸಂಜೆಯ ಜನ ಬಂದು, ಬಿಲ್ಲೆ ಇಟ್ಟು, ಉಂಡು ಹೋದರು. ಬಡಿಸುವವಳು ಕೋಣೆ ಗುಡಿಸಿ, ಬಾಗಿಲು ಹಾಕಲೇ ಎಂದಳು. ನನ್ನ ಹೆಂಡತಿ ಒಂದು ತಾಟು ತೊಳೆದು ಇಟ್ಟು, ಒಲೆಯ ಮುಂದೆ ಕೂತು, "ತಡಿ, ಇನ್ನೊಬ್ಬರು ಬರೋರದಾರ," ಎಂದಳು.